ಫುಡ್ ಕಿಟ್ ಸಿಕ್ಕ ಟಿಬಿ ಪೇಷೆಂಟ್‌ಗಳಲ್ಲಿ ಸಾವು ತುಂಬಾ ಕಮ್ಮಿ ಅಂತ ನನ್ನ ಥೀಸಿಸ್‌ನಲ್ಲಿ ಬಂದಿದೆ, ಇದನ್ನ ನಂಬಬಹುದಾ?

ಸಹನಾ_ಪಿಎಸ್‌ಎಂ:

ಎಲ್ಲರಿಗೂ ನಮಸ್ಕಾರ. ನಾನು ಕಮ್ಯುನಿಟಿ ಮೆಡಿಸಿನ್ ಎರಡನೇ ವರ್ಷದ ಪಿಜಿ. ನಿಕ್ಷಯ್ ಮಿತ್ರ ಯೋಜನೆಯಲ್ಲಿ ದಾನಿಗಳ ಕಡೆಯಿಂದ ಟಿಬಿ ಪೇಷೆಂಟ್‌ಗಳಿಗೆ ಕೊಡೋ ಫುಡ್ ಕಿಟ್ಟಿಂದ ಟ್ರೀಟ್‌ಮೆಂಟ್ ರಿಸಲ್ಟ್ ಸುಧಾರಿಸುತ್ತಾ ಅನ್ನೋದು ನನ್ನ ಥೀಸಿಸ್. ತುಮಕೂರು ಜಿಲ್ಲೆಯ ಒಂದು ತಾಲೂಕಿನ ಎರಡು ವರ್ಷದ ರೆಕಾರ್ಡ್ ತಗೊಂಡು ಸುಮಾರು 400 ಜನರದ್ದು ಎಕ್ಸೆಲ್‌ಗೆ ಹಾಕಿದೀನಿ. ಆರು ತಿಂಗಳಲ್ಲಿ ಒಂದ್ಸಲನಾದ್ರೂ ಕಿಟ್ ಸಿಕ್ಕಿದ್ರೆ "ಹೌದು", ಸಿಕ್ಕೇ ಇಲ್ಲ ಅಂದ್ರೆ "ಇಲ್ಲ", ಹೀಗೆ ಎರಡು ಗುಂಪು ಮಾಡಿ ಕೈ ಸ್ಕ್ವೇರ್ (ಎರಡು ಗುಂಪಿನ ವ್ಯತ್ಯಾಸ ಬರೀ ಆಕಸ್ಮಿಕನಾ ಅಂತ ನೋಡೋ ಲೆಕ್ಕ) ಹಾಕಿದೆ. ಕಿಟ್ ಸಿಕ್ಕವರಲ್ಲಿ ಸಾವು ಎಷ್ಟೋ ಪಟ್ಟು ಕಮ್ಮಿ ಬಂತು, ಪಿ ವ್ಯಾಲ್ಯೂ ಕೂಡ ಚೆನ್ನಾಗಿದೆ, ನಮ್ಮ ಗೈಡ್ ನೋಡಿ ಖುಷಿಯಾಗಿ ಬೇಗ ಪೇಪರ್ ಬರಿ ಅಂದ್ರು.

ಆದ್ರೆ ನನಗೆ ಸಮಾಧಾನ ಇಲ್ಲ. ಯಾಕಂದ್ರೆ ಎರಡು ತಿಂಗಳಾದ ಮೇಲಿನ ತೂಕ ನೋಡಿದ್ರೆ ಎರಡೂ ಗುಂಪಲ್ಲಿ ಹೆಚ್ಚುಕಮ್ಮಿ ಒಂದೇ ತರ ಏರಿದೆ. ಊಟದಿಂದ ಜೀವ ಉಳೀತು ಅಂದ್ರೆ ಅದು ಮೊದಲು ತೂಕದಲ್ಲಿ ಕಾಣಬೇಕಲ್ವಾ? ತೂಕದಲ್ಲಿ ಕಾಣದೆ ನೇರ ಸಾವಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಹೇಗೆ ಬಂತು ಅಂತ ಮೂರು ದಿನದಿಂದ ತಲೆ ಕೆಡ್ತಿದೆ. ಇನ್ನೊಂದು, ಚಿಕಿತ್ಸೆ ಅರ್ಧಕ್ಕೆ ಬಿಟ್ಟವರನ್ನ, ಅಂದ್ರೆ ಲಾಸ್ಟ್ ಟು ಫಾಲೋ ಅಪ್ ಅಂತ ಇರೋರನ್ನ ನಾನು ಲೆಕ್ಕದಿಂದಲೇ ತೆಗೆದುಬಿಟ್ಟಿದೀನಿ, ಅದು ಸರಿನಾ? ಗೊತ್ತಿರೋರು ದಯವಿಟ್ಟು ಹೇಳಿ, ನನಗೆ ತಪ್ಪು ಪೇಪರ್ ಬರೆಯೋಕೆ ಇಷ್ಟ ಇಲ್ಲ.

ರಾಘು_ಸ್ಟ್ಯಾಟ್ಸ್:

ಸಹನಾ ಅವರೇ, ತೂಕದ ಕಡೆ ನೋಡಿದ್ರಲ್ಲ, ಅದು ತುಂಬಾ ಒಳ್ಳೇ ಅನುಮಾನ. ಒಂದು ಪ್ರಶ್ನೆ. ಟ್ರೀಟ್‌ಮೆಂಟ್ ಶುರುವಾದ ಎಷ್ಟನೇ ದಿನಕ್ಕೆ ಮೊದಲ ಕಿಟ್ ಕೈಗೆ ಸಿಕ್ತು? ಸತ್ತವರು ಎಷ್ಟನೇ ದಿನಕ್ಕೆ ಸತ್ರು? ಈ ಎರಡು ಕಾಲಂ ಇಲ್ದೆ ನಿಮ್ಮ ರಿಸಲ್ಟ್‌ಗೆ ಏನೂ ಅರ್ಥ ಇಲ್ಲ ಅಂತ ನನಗನ್ಸುತ್ತೆ, ಯಾಕೆ ಅಂತ ಹೇಳ್ತೀನಿ.

ಸುಮ್ನೆ ಲೆಕ್ಕಕ್ಕೆ ಅಂತ 100 ಜನ ಇಟ್ಕೊಳ್ಳಿ. ಕಿಟ್ ಬರೋದು 60ನೇ ದಿನಕ್ಕೆ, ಮತ್ತೆ ಆ ಕಿಟ್ ಒಳಗೆ ಏನೂ ಇಲ್ಲ, ಬರೀ ಖಾಲಿ ಚೀಲ ಅಂದ್ಕೊಳ್ಳಿ. ಟಿಬಿಯಲ್ಲಿ ಸಾಯೋರು ಹೆಚ್ಚಿನವರು ಮೊದಲ ಎರಡು ತಿಂಗಳಲ್ಲೇ ಸಾಯ್ತಾರೆ, ಅದು ನಿಮಗೇ ಗೊತ್ತು. ಹಾಗಾಗಿ 60 ದಿನದೊಳಗೆ 10 ಜನ ಹೋದ್ರು ಅನ್ನಿ. ಉಳಿದ 90ರಲ್ಲಿ 45 ಜನಕ್ಕೆ ಚೀಲ ಸಿಕ್ತು, 45 ಜನಕ್ಕೆ ಸಿಗಲಿಲ್ಲ. ಚೀಲ ಖಾಲಿ ಆದ್ದರಿಂದ ಮುಂದಿನ ನಾಲ್ಕು ತಿಂಗಳಲ್ಲಿ ಎರಡೂ ಕಡೆ ತಲಾ 2 ಜನ ಸತ್ರು. ಈಗ ನೀವು ಮಾಡಿದ ತರ ಟೇಬಲ್ ಹಾಕಿ. ಚೀಲ ಸಿಕ್ಕವರು 45, ಸಾವು 2. ಸಿಗದೇ ಇರೋರು 55, ಸಾವು 12, ಯಾಕಂದ್ರೆ ಮೊದಲೇ ಹೋದ ಆ 10 ಜನ ಎಲ್ಲಾ ಈ ಲೆಕ್ಕಕ್ಕೆ ಬಿದ್ರು. ನೂರಕ್ಕೆ 4 ಒಂದು ಕಡೆ, ನೂರಕ್ಕೆ 22 ಇನ್ನೊಂದು ಕಡೆ. ಖಾಲಿ ಚೀಲ ಸಾವನ್ನ ಐದನೇ ಒಂದು ಭಾಗಕ್ಕೆ ಇಳಿಸ್ತು ಅಂತ ಬಂತು ನೋಡಿ!

ಕಿಟ್ ಸಿಗಬೇಕು ಅಂದ್ರೆ ಮೊದಲು ಅಲ್ಲಿವರೆಗೆ ಬದುಕಿರಬೇಕು, ಅಷ್ಟೇ ವಿಷಯ. ಆ ಮೊದಲ 60 ದಿನ ಕಿಟ್ ಗುಂಪಿನವರು ಸಾಯೋಕೆ ಸಾಧ್ಯನೇ ಇರಲಿಲ್ಲ, ಸತ್ತಿದ್ರೆ ಅವರು ಆ ಗುಂಪಿಗೆ ಬರ್ತಾನೇ ಇರಲಿಲ್ಲ. ಇದಕ್ಕೆ ಇಮ್ಮಾರ್ಟಲ್ ಟೈಮ್ ಬಯಾಸ್ ಅಂತಾರೆ. ದೊಡ್ಡ ದೊಡ್ಡವರೇ ಇದರಲ್ಲಿ ಬಿದ್ದಿದಾರೆ, ಅಮೆರಿಕದಲ್ಲಿ ಹೃದಯ ಕಸಿ ಶುರುವಾದ ಹೊಸದರಲ್ಲಿ ಕಸಿ ಆದವರು ಆಗದವರಿಗಿಂತ ಎಷ್ಟೋ ಜಾಸ್ತಿ ದಿನ ಬದುಕಿದ್ರು ಅಂತ ರಿಪೋರ್ಟ್ ಬಂತು, 1972ರಲ್ಲಿ ಮಿಚೆಲ್ ಗೇಲ್ ಅನ್ನೋ ಸ್ಟ್ಯಾಟಿಸ್ಟಿಷಿಯನ್ ಇದೇ ತಪ್ಪು ತೋರಿಸಿದ್ರು: ಹೊಂದೋ ಹೃದಯ ಸಿಗೋವರೆಗೆ ಕಾಯ್ತಾ ಬದುಕಿದ್ದವರಿಗೆ ತಾನೇ ಕಸಿ ಆಗಿದ್ದು.

ಸರಿ ಮಾಡೋ ದಾರಿ ಎರಡಿದೆ. ಸುಲಭದ್ದು ಲ್ಯಾಂಡ್‌ಮಾರ್ಕ್, ಅಂದ್ರೆ 60ನೇ ದಿನ ಅಂತ ಒಂದು ಗೆರೆ ಎಳೀರಿ, ಆವತ್ತಿಗೆ ಬದುಕಿದ್ದು ಟ್ರೀಟ್‌ಮೆಂಟ್‌ನಲ್ಲಿ ಇರೋರನ್ನ ಮಾತ್ರ ತಗೊಂಡು, ಆವತ್ತಿನವರೆಗೆ ಕಿಟ್ ಸಿಕ್ಕಿತ್ತಾ ಇಲ್ವಾ ಅಂತ ಗುಂಪು ಮಾಡಿ, ಅಲ್ಲಿಂದ ಮುಂದಕ್ಕೆ ಎಣಿಸಿ. ಗೆರೆ ಎಲ್ಲಿ ಅನ್ನೋದನ್ನ ರಿಸಲ್ಟ್ ನೋಡೋಕೆ ಮುಂಚೆನೇ ಬರೆದಿಟ್ಕೊಳ್ಳಿ, ಆಮೇಲೆ 45, 60, 90 ಅಂತ ಸರಿಸಿ ಸರಿಸಿ ಚೆನ್ನಾಗಿ ಬಂದಿದ್ದನ್ನ ಇಟ್ಕೋಬಾರದು. ಇನ್ನೊಂದು ದಾರಿ ಕಾಕ್ಸ್ ಮಾಡೆಲ್‌ನಲ್ಲಿ (ಯಾರು ಎಷ್ಟು ದಿನ ಬದುಕಿದ್ರು ಅನ್ನೋದನ್ನ ಹೋಲಿಸೋ ವಿಧಾನ) ಕಿಟ್ಟನ್ನ ಟೈಮ್ ವೇರಿಯಿಂಗ್ ಆಗಿ, ಅಂದ್ರೆ ದಿನ ಕಳೆದ ಹಾಗೆ ಬದಲಾಗೋ ಅಂಶವಾಗಿ ಹಾಕೋದು, ಒಬ್ಬರೇ ಪೇಷೆಂಟಿನ ಮೊದಲ 40 ದಿನ "ಕಿಟ್ ಇಲ್ಲ" ಖಾತೆಗೆ, 41ನೇ ದಿನದಿಂದ "ಕಿಟ್ ಇದೆ" ಖಾತೆಗೆ ಹೋಗುತ್ತೆ. ಆರ್ ಸಾಫ್ಟ್‌ವೇರ್‌ನಲ್ಲಿ ಆರಾಮಾಗಿ ಆಗುತ್ತೆ, ಡೇಟಾ ಜೋಡಿಸೋದೇ ಸ್ವಲ್ಪ ಕಷ್ಟ.

ಸಹನಾ_ಪಿಎಸ್‌ಎಂ:

ಸರ್, ನಿಮ್ಮ 45, 55 ಲೆಕ್ಕನ ಪೇಪರ್ ಮೇಲೆ ಎರಡು ಸಲ ಹಾಕಿ ನೋಡಿದೆ. ಸಾವಿನ ತಾರೀಖು ಇದೆ. ಕಿಟ್ ತಾರೀಖು ನನ್ನ ಶೀಟಲ್ಲಿ ಇಲ್ಲ, ನಮ್ಮ ಎಸ್‌ಟಿಎಸ್ (ಟಿಬಿ ಚಿಕಿತ್ಸೆ ನೋಡಿಕೊಳ್ಳೋ ಸೀನಿಯರ್ ಟ್ರೀಟ್‌ಮೆಂಟ್ ಸೂಪರ್‌ವೈಸರ್) ಹತ್ರ ಕೈಬರಹದ ನೋಟ್‌ಬುಕ್ ಇದೆ, ಅದರಲ್ಲಿ ಹಂಚಿದ ದಿನ ಬರೆದಿದಾರೆ. ಸುಮ್ನೆ ಹತ್ತು ಹದಿನೈದು ಹೆಸರು ನೋಡಿದೆ, ಹೆಚ್ಚಿನವರಿಗೆ ಎರಡನೇ ತಿಂಗಳ ಕೊನೆಗೋ ಮೂರನೇ ತಿಂಗಳಿಗೋ ಮೊದಲ ಕಿಟ್ ಸಿಕ್ಕಿದೆ. ಅಂದ್ರೆ ನಾನು ಎರಡನೇ ತಿಂಗಳು ನೋಡಿದ ತೂಕಕ್ಕೂ ಕಿಟ್ಟಿಗೂ ಸಂಬಂಧನೇ ಇರಲಿಲ್ಲ.

ಮಲ್ಲಣ್ಣ_ಎಸ್‌ಟಿಎಸ್:

ನಮಸ್ಕಾರ್ರೀ ಮೇಡಂ. ನಾ ಕೊಪ್ಪಳ ಕಡೆ ಎಸ್‌ಟಿಎಸ್ ಅದೀನಿ, ಹದಿನಾಲ್ಕು ವರ್ಷ ಆತು ಈ ಕೆಲಸದಾಗ. ಈ ಇಮ್ಮಾರ್ಟಲ್ ಟೈಮ್ ಅನ್ನೋದು ಇವತ್ತ ಕೇಳಿದ್ದು, ಆದ್ರ ಅದನ್ನ ಓದಿದ ಕೂಡ್ಲೆ ನನಗ ಮೂರ್ನಾಲ್ಕು ಮಂದಿ ಮುಖ ಕಣ್ಮುಂದ ಬಂತ್ರೀ, ಕಿಟ್ ತಗೊಂಡು ಮನಿಗೆ ಹೋದಾಗ ದಿನಕರ್ಮ ಮುಗಿಸಿ ಕುಂತಿದ್ರು.

ನಾ ಹೇಳೋದು ಬ್ಯಾರೆ. ಕಿಟ್ ಯಾರಿಗೆ ಹೋಗ್ತಾವು ಅನ್ನೋದನ್ನ ನೀವು ಮೊದಲ ಕೇಳ್ಕೋಬೇಕು. 60 ಪೇಷೆಂಟ್ ಇದ್ದಲ್ಲಿ ಒಂದೊಂದ್ ತಿಂಗಳ 20 ಕಿಟ್ ಬರ್ತಾವು, ದಾನಿಗಳು ಕೊಟ್ಟಷ್ಟೇ ಅಲ್ರೀ. ಆಗ ನಾವು ಏನ್ ಮಾಡ್ತೀವಿ, ಭಾಳ ಸೊರಗಿದವ್ರು, ಸಣ್ಣ ಮಕ್ಕಳಿದ್ದವ್ರು, ದುಡಿಯೋರು ಯಾರೂ ಇಲ್ಲದ ಮನಿ, ಇವಕ್ಕ ಮೊದಲ ಕೊಡ್ತೀವಿ. ಅಂದ್ರ ನಿಮ್ಮ ಕಿಟ್ ಗುಂಪಿನಾಗ ಕಷ್ಟದ ಕೇಸ್ ಜಾಸ್ತಿ. ಮತ್ತೊಂದ್ ತಿಂಗಳ ದಾನಿ ಬಂದು ಆಸ್ಪತ್ರ್ಯಾಗ ಕಾರ್ಯಕ್ರಮ ಇಟ್ಟ್ರ, ಅವತ್ತ ನಡಕೊಂಡು ಬಂದವ್ರಿಗೇ ಕಿಟ್ಟು. ಹಾಸಿಗಿ ಹಿಡದವ್ರು ಎಲ್ಲಿಂದ ಬರ್ತಾರ? ಅವತ್ತಿನ ಗುಂಪಿನಾಗ ಗಟ್ಟಿ ಇದ್ದವ್ರೇ ಎಲ್ಲಾ. ಮತ್ತ ಪೇಷೆಂಟ್ ಒಪ್ಪಿಗಿ ಕೊಟ್ಟ್ರನ ಹೆಸರು ಸೇರಸೋದು, ಬ್ಯಾಗ್ ನೋಡಿದ್ರ ಓಣ್ಯಾಗ ಗೊತ್ತಾಕ್ಕೈತಿ ಅಂತ ಬ್ಯಾಡ ಅಂದವ್ರು ಅದಾರ, ಮಗಳ ಮದುವಿ ಗೊತ್ತಾಗಿತ್ತು ಅಂತ ಕೈಮುಗದು ಬ್ಯಾಡ ಅಂದ ಅವ್ವ ಒಬ್ಬಾಕಿ ಇನ್ನೂ ನೆನಪದಾಳ. ಇದ್ಯಾವುದೂ ನಿಮ್ಮ ಎಕ್ಸೆಲ್‌ನ್ಯಾಗ ಇರೂದಿಲ್ಲ.

ಲಾಸ್ಟ್ ಟು ಫಾಲೋ ಅಪ್ ತಗದು ಹಾಕಿದ್ದು ಮಾತ್ರ ಮಾಡಬ್ಯಾಡ್ರಿ ಮೇಡಂ. ಒಂದು ತಿಂಗಳ ಗುಳಿಗಿ ತಪ್ಪಿದ್ರ ನಾವು ಹಂಗ ಬರೀತೀವಿ, ಆದ್ರ ಮನಿಗೆ ಹೋಗಿ ಕೇಳಿದ್ರ ಒಬ್ರು ಕಬ್ಬು ಕಡಿಯಾಕ ಹೋಗಿರ್ತಾರ, ಒಬ್ರು ಬೆಂಗಳೂರಾಗ ಸೆಂಟ್ರಿಂಗ್ ಕೆಲಸಕ್ಕ, ಒಬ್ರು ಖಾಸಗಿ ಡಾಕ್ಟರ್ ಕಡೆ ಗುಳಿಗಿ ತಗೋತಿರ್ತಾರ, ಒಬ್ಬಾಕಿ ತವರಮನಿಗೆ ಹೋಗಿ ಅಲ್ಲೇ ತೀರ್ಕೊಂಡಿರ್ತಾಳ. ನಾಲ್ಕೂ ಒಂದೇ ಶಬ್ದದಾಗ ಮುಚ್ಚಿ ಹೋಗ್ತಾವು. ಇನ್ನೊಂದು, ಕಿಟ್ ಒಬ್ಬರ ಹೆಸರಲೆ ಇರ್ತೈತಿ, ಉಣ್ಣೋರು ಆರು ಮಂದಿ. ಮಕ್ಕಳ ಮುಂದ ಇಟ್ಕೊಂಡು ತಾಯಿ ಒಬ್ಬಾಕಿ ಹೆಂಗ್ ಉಣ್ತಾಳ್ರೀ.

ನಿವೃತ್ತ_ಮೇಷ್ಟ್ರು:

ಮಲ್ಲಣ್ಣನವರು ಬರೆದಿದ್ದನ್ನ ಪ್ರಿಂಟ್ ತೆಗೆದು ಪಿಜಿಗಳ ರೂಮಲ್ಲಿ ಅಂಟಿಸಬೇಕು. ಸಹನಾ, ನೋಡಮ್ಮಾ, ಅವರು ಮೊದಲು ಹೇಳಿದ್ದು ಕನ್‌ಫೌಂಡಿಂಗ್ ಬೈ ಇಂಡಿಕೇಷನ್, ಯಾರಿಗೆ ಹೆಚ್ಚು ಅಗತ್ಯನೋ ಅವರಿಗೇ ಚಿಕಿತ್ಸೆ ಹೋಗೋದು. ನಡೆದು ಬಂದವರಿಗೆ ಸಿಕ್ಕಿದ್ದು ಅದರ ಉಲ್ಟಾ. ಎರಡೂ ಒಂದೇ ರಿಜಿಸ್ಟರ್ ಒಳಗೆ ಬೇರೆ ಬೇರೆ ತಿಂಗಳಲ್ಲಿ ಆಗಿದೆ ಅಂದ್ರೆ ಒಟ್ಟು ಲೆಕ್ಕ ಯಾವ ಕಡೆ ವಾಲಿದೆ ಅಂತ ಕೂತಲ್ಲಿ ಹೇಳೋಕೆ ಆಗಲ್ಲ.

ನಿನ್ನ ಪ್ರಶ್ನೆಗೆ ತೀರಾ ಹತ್ತಿರದ ಕೆಲಸ ನಮ್ಮ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಅವರ ತಂಡದ್ದು, ರೇಷನ್ಸ್ ಟ್ರಯಲ್, ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ಮಾಡಿದ್ದು, 2023ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2,800 ಪೇಷೆಂಟ್‌ಗಳ ಮನೆಯ 10,345 ಜನರನ್ನ ಫಾಲೋ ಮಾಡಿದ್ರು. ಯಾರು ಯಾವ ಗುಂಪು ಅಂತ ಚೀಟಿ ಎತ್ತಿದ್ದು ಒಬ್ಬೊಬ್ಬ ಮನುಷ್ಯನಿಗಲ್ಲ, 28 ಟಿಬಿ ಯೂನಿಟ್‌ಗಳಿಗೆ, ಅಂದ್ರೆ ಒಂದೊಂದು ಪ್ರದೇಶದ ಟಿಬಿ ಕೆಲಸ ನೋಡೋ ಘಟಕಗಳಿಗೆ. ಯಾಕೆ ಅಂದ್ರೆ ಒಂದೇ ಹಳ್ಳಿಯಲ್ಲಿ ಈ ಮನೆಗೆ ಅಕ್ಕಿ ಬೇಳೆ ಕೊಟ್ಟು ಪಕ್ಕದ ಮನೆಗೆ ಇಲ್ಲ ಅಂದ್ರೆ ಅದು ನಡೆಯೋ ಮಾತಲ್ಲ, ಕೊಟ್ಟಿದ್ದು ಪಕ್ಕದ ಮನೆಗೂ ಹೋಗುತ್ತೆ. ಒಂದು ಗುಂಪಲ್ಲಿ ಮನೆಯ ಪ್ರತಿ ದೊಡ್ಡವರಿಗೂ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಮನೆಯವರಿಗೆ ಹೊಸದಾಗಿ ಟಿಬಿ ಬರೋದು ಒಟ್ಟಾರೆ 39% ಕಮ್ಮಿ ಆಯ್ತು, ಕಫದಂಥ ಪರೀಕ್ಷೆಯಲ್ಲಿ ಖಚಿತವಾದ ಶ್ವಾಸಕೋಶದ ಟಿಬಿ 48% ಕಮ್ಮಿ. ನನ್ನ ಜೀವಮಾನದಲ್ಲಿ ಓದಿದ ಅತ್ಯಂತ ತೃಪ್ತಿ ಕೊಟ್ಟ ಪೇಪರ್‌ಗಳಲ್ಲಿ ಇದೊಂದು.

ಆದ್ರೆ ಇಲ್ಲೇ ಗಮನ ಇಡು, ತುಂಬಾ ಜನ ತಪ್ಪಾಗಿ ಉದಾಹರಣೆ ಕೊಡ್ತಾರೆ. ಆ ಟ್ರಯಲ್‌ನಲ್ಲಿ ಪೇಷೆಂಟ್‌ಗಳಿಗೆ ಎರಡೂ ಕಡೆ ಆಹಾರ ಕೊಟ್ಟಿದಾರೆ. ಹೆಚ್ಚಿನವರ ತೂಕ ಭಯ ಆಗೋಷ್ಟು ಕಮ್ಮಿ ಇತ್ತು, ಅಂಥವರಿಗೆ ಊಟ ಇಲ್ಲ ಅಂತ ಹೇಳೋಕೆ ಯಾವ ಎಥಿಕ್ಸ್ ಕಮಿಟಿ ಒಪ್ಪುತ್ತೆ, ಯಾವ ಮನಸ್ಸು ಒಪ್ಪುತ್ತೆ? ಹಾಗಾಗಿ ಆ 39%, 48% ಮನೆಯವರದ್ದು, ಪೇಷೆಂಟ್‌ದಲ್ಲ. ಪೇಷೆಂಟ್‌ಗಳ ಬಗ್ಗೆ ಅದೇ ತಂಡದ ಇನ್ನೊಂದು ಪೇಪರ್ ಇದೆ, ಎರಡು ತಿಂಗಳಲ್ಲಿ ತೂಕ 5% ಏರಿದವರಲ್ಲಿ ಸಾವಿನ ಅಪಾಯ 61% ಕಮ್ಮಿ ಅಂತ. ಅದು ಚೀಟಿ ಎತ್ತಿ ಹೋಲಿಸಿದ್ದಲ್ಲ, ಮಾತ್ರೆ ಚೆನ್ನಾಗಿ ಹಿಡಿದವರಿಗೆ ತೂಕನೂ ಏರುತ್ತೆ ಜೀವನೂ ಉಳಿಯುತ್ತೆ, ಅದರಲ್ಲಿ ಊಟದ ಪಾಲು ಎಷ್ಟು ಅಂತ ಬೇರ್ಪಡಿಸೋದು ಕಷ್ಟ. ಅಂದ್ರೆ ನೀನು ಕೇಳ್ತಿರೋ ಪ್ರಶ್ನೆ ಇನ್ನೂ ಜೀವಂತ ಇದೆ, ಥೀಸಿಸ್ ಬಿಡಬೇಡ.

ಇನ್ನೊಂದು ಹಳೇದು. 1956ರಲ್ಲಿ ಮದ್ರಾಸ್‌ನಲ್ಲಿ 193 ಟಿಬಿ ಪೇಷೆಂಟ್‌ಗಳನ್ನ ಚೀಟಿ ಎತ್ತಿ ಅರ್ಧ ಜನರನ್ನ ಸ್ಯಾನಟೋರಿಯಂಗೆ (ಟಿಬಿಯವರನ್ನ ತಿಂಗಳುಗಟ್ಟಲೆ ಇಟ್ಕೊಳ್ಳೋ ಆಸ್ಪತ್ರೆ), ಅರ್ಧ ಜನರನ್ನ ಮನೆಗೆ ಕಳಿಸಿದ್ರು, ಔಷಧಿ ಎರಡೂ ಕಡೆ ಒಂದೇ. ಸ್ಯಾನಟೋರಿಯಂನಲ್ಲಿ ಒಳ್ಳೇ ಊಟ, ಹಾಸಿಗೆ, ವಿಶ್ರಾಂತಿ, ಮನೆಯಲ್ಲಿ ಇಕ್ಕಟ್ಟು, ಬಡತನ. ಒಂದು ವರ್ಷಕ್ಕೆ ನೋಡಿದ್ರೆ ಗುಣ ಆಗಿದ್ದು ಎರಡೂ ಕಡೆ ಹತ್ತಿರ ಹತ್ತಿರ ಒಂದೇ. ಜಗತ್ತಿನ ಸ್ಯಾನಟೋರಿಯಂಗಳು ಮುಚ್ಚೋಕೆ ಅದು ದೊಡ್ಡ ಕಾರಣ ಆಯ್ತು. ಔಷಧಿ ಸರಿಯಾಗಿ ಹೋದ್ರೆ ಕೆಲಸದ ದೊಡ್ಡ ಪಾಲು ಔಷಧಿನೇ ಮಾಡುತ್ತೆ, ಊಟದಿಂದ ಸಿಗೋ ಹೆಚ್ಚುವರಿ ಲಾಭ ಕಾಣಬೇಕು ಅಂದ್ರೆ 400 ಜನ ಸಾಲೋದು ಅನುಮಾನ.

ರಾಘು_ಸ್ಟ್ಯಾಟ್ಸ್:

ಮೇಷ್ಟ್ರೇ, ಮದ್ರಾಸ್ ಸ್ಟಡಿ ಬಗ್ಗೆ ನನಗೆ ಒಂದು ತಕರಾರು ಇದೆ, ಗೌರವದಿಂದಲೇ ಹೇಳ್ತೀನಿ. ಆ 193 ಜನರಲ್ಲಿ ಊಟನ ಚೀಟಿ ಎತ್ತಿರಲಿಲ್ಲ, ಚಿಕಿತ್ಸೆ ಎಲ್ಲಿ ಅನ್ನೋದನ್ನ ಎತ್ತಿದ್ದು. ಊಟ, ವಿಶ್ರಾಂತಿ, ಗಾಳಿ, ಯಾರು ಮಾತ್ರೆ ನುಂಗಿಸ್ತಾರೆ ಅನ್ನೋದು ಎಲ್ಲಾ ಒಟ್ಟೊಟ್ಟಿಗೆ ಬದಲಾಗಿದೆ. ಮತ್ತೆ ಅಷ್ಟು ಕಮ್ಮಿ ಜನರಲ್ಲಿ ಸಾವಿನ ವ್ಯತ್ಯಾಸ ಕಾಣಲಿಲ್ಲ ಅಂದ್ರೆ ವ್ಯತ್ಯಾಸ ಇಲ್ಲ ಅಂತ ಅರ್ಥ ಅಲ್ಲ. ಮನೆಯಲ್ಲೇ ಚಿಕಿತ್ಸೆ ಕೊಡಬಹುದು ಅನ್ನೋಕೆ ಅದು ಗಟ್ಟಿ ಸಾಕ್ಷಿ, ಊಟ ಬೇಕಾಗಿಲ್ಲ ಅನ್ನೋಕೆ ಅದನ್ನ ಬಳಸಬಾರದು, ಬಳಸಿದಾರೆ ಅನ್ನೋದೇ ನನ್ನ ಬೇಜಾರು.

ಸಹನಾ ಅವರೇ, ಪ್ರೊಪೆನ್ಸಿಟಿ ಸ್ಕೋರ್ (ಯಾರಿಗೆ ಕಿಟ್ ಸಿಗೋ ಸಾಧ್ಯತೆ ಎಷ್ಟಿತ್ತು ಅಂತ ಲೆಕ್ಕ ಹಾಕಿ, ಒಂದೇ ತರದವರನ್ನ ಹೋಲಿಸೋ ವಿಧಾನ) ಹಾಕಿದ್ರೆ ಮಲ್ಲಣ್ಣ ಹೇಳಿದ್ದೆಲ್ಲ ಸರಿಹೋಗುತ್ತಾ ಅಂತ ನೀವು ಮುಂದೆ ಕೇಳ್ತೀರಿ, ಈಗಲೇ ಹೇಳಿಬಿಡ್ತೀನಿ, ಬರೆದಿಟ್ಟಿದ್ದು ಮಾತ್ರ ಸರಿಹೋಗುತ್ತೆ. ಶುರುವಿನ ತೂಕ, ವಯಸ್ಸು, ಶುಗರ್, ಎಚ್‌ಐವಿ, ಕುಡಿತ, ಮೊದಲು ಟಿಬಿ ಬಂದಿತ್ತಾ, ಇವಿಷ್ಟು ಇದ್ರೆ ಹಾಕಿ. "ನಡೆದು ಬರೋಕೆ ಆಗ್ತಿತ್ತಾ" ಅನ್ನೋ ಕಾಲಂ ಇಲ್ವಲ್ಲ, ಅದನ್ನ ಯಾವ ಸ್ಕೋರೂ ಊಹಿಸಲ್ಲ. ಲಾಸ್ಟ್ ಆದವರಿಗೆ ಎರಡು ಸಲ ಲೆಕ್ಕ ಮಾಡಿ: ಎಲ್ಲರೂ ಬದುಕಿದಾರೆ ಅಂತ ಒಂದ್ಸಲ, ಎಲ್ಲರೂ ಹೋದ್ರು ಅಂತ ಒಂದ್ಸಲ. ಎರಡರಲ್ಲೂ ಉತ್ತರ ಒಂದೇ ಕಡೆ ಇದ್ರೆ ಧೈರ್ಯವಾಗಿ ಬರೀರಿ.

ಮಗ್ಗದ_ಬಸಣ್ಣ:

ನಾನು ಡಾಕ್ಟರ್ ಅಲ್ಲ, ಟಿಬಿ ಆಗಿ ವಾಸಿಯಾದವನು. ಈ ಚರ್ಚೆ ಪೂರ್ತಿ ಓದಿದೆ, ಅರ್ಧ ಅರ್ಥ ಆಯ್ತು. ಒಂದು ಮಾತು ಹೇಳ್ಬೇಕು ಅನ್ನಿಸ್ತು. ನನ್ನ ಕಾರ್ಡ್‌ನಲ್ಲಿ ಕ್ಯೂರ್ಡ್ ಅಂತ ಬರೆದಿದಾರೆ, ಸುಳ್ಳಲ್ಲ, ಕಫದಲ್ಲಿ ಏನೂ ಇಲ್ಲ. ಆದ್ರೆ ಕಾರ್ಡ್ ಕೊಟ್ಟ ದಿನ ನನಗೆ ಮನೆ ಮೆಟ್ಟಿಲು ಹತ್ತೋಕೆ ಎರಡು ಕಡೆ ನಿಲ್ಲಬೇಕಿತ್ತು. ಮಗ್ಗದ ಮುಂದೆ ಕೂತ್ರೆ ಅರ್ಧ ಗಂಟೆಗೆ ಉಸಿರು ಸಾಲ್ತಿರಲಿಲ್ಲ, ಮೊದಲಿನಷ್ಟು ಸೀರೆ ನೇಯೋಕೆ ಇನ್ನೂ ಎಂಟು ತಿಂಗಳು ಹಿಡೀತು. ಆ ಎಂಟು ತಿಂಗಳು ಸಾಲದಲ್ಲೇ ಬದುಕಿದ್ದು. ನಿಮ್ಮ ಪುಸ್ತಕದಲ್ಲಿ ಬದುಕಿದ, ಸತ್ತ, ಬಿಟ್ಟುಹೋದ ಅಂತ ಮೂರು ಕಾಲಂ ಇದ್ರೆ ನನ್ನ ಎಂಟು ತಿಂಗಳು ಯಾವುದರಲ್ಲಿ ಬರುತ್ತೆ? ಕಿಟ್ಟಿಂದ ಸಾವು ಕಮ್ಮಿ ಆಯ್ತೋ ಇಲ್ವೋ ಗೊತ್ತಿಲ್ಲ ಮೇಡಂ, ನನಗೆ ಬಂದ ಹಾಲಿನ ಪುಡಿ, ಕಡಲೆ, ಬೇಳೆಯಿಂದ ನನ್ನ ಹೆಂಡತಿ ಆ ತಿಂಗಳು ಅಂಗಡಿ ಸಾಲ ಮಾಡಲಿಲ್ಲ, ಅದು ನನಗೆ ಗೊತ್ತು. ಅದನ್ನ ಯಾರೂ ಕೇಳಲಿಲ್ಲ.

ನಿವೃತ್ತ_ಮೇಷ್ಟ್ರು:

ಬಸಣ್ಣನವರೇ, ನೀವು ಬರೆದಿದ್ದು ಈ ಚರ್ಚೆಗೆ ಬೇಕಾಗಿತ್ತು. ಸಹನಾ, ಆರು ನಿಮಿಷ ನಡೆಸಿ ಎಷ್ಟು ಮೀಟರ್ ಹೋಗ್ತಾರೆ ಅಂತ ನೋಡೋ ಪರೀಕ್ಷೆಗೆ ಒಂದು ಉದ್ದ ವರಾಂಡ, ಒಂದು ಗಡಿಯಾರ ಸಾಕು. ಎಷ್ಟನೇ ದಿನ ಕೆಲಸಕ್ಕೆ ಮರಳಿದ್ರಿ, ಎಷ್ಟು ಸಾಲ ಆಯ್ತು, ಇವು ಎರಡು ಪ್ರಶ್ನೆ. ಸಾವು ಅಪರೂಪದ ಘಟನೆ, ಅದರಲ್ಲಿ ವ್ಯತ್ಯಾಸ ತೋರಿಸೋಕೆ ಸಾವಿರಾರು ಜನ ಬೇಕು, ಕೆಲಸಕ್ಕೆ ಮರಳಿದ ದಿನ ಪ್ರತಿಯೊಬ್ಬರದ್ದೂ ಇರುತ್ತೆ, ನಿನ್ನ 400ರಲ್ಲೇ ಏನಾದ್ರೂ ಕಾಣಬಹುದು.

ಯಾವಾಗ ಅಳೀತೀವಿ ಅನ್ನೋದೂ ಮುಖ್ಯ. ರಾಂಡಮೈಸ್ಡ್, ಅಂದ್ರೆ ಚೀಟಿ ಎತ್ತಿ ಹೋಲಿಸೋ ಟ್ರಯಲ್‌ಗಳ ಮಾದರಿ ಅಂತ ಹೇಳೋ 1948ರ ಸ್ಟ್ರೆಪ್ಟೋಮೈಸಿನ್ ಟ್ರಯಲ್, ಬ್ರಿಟನ್‌ನದ್ದು, ಆರು ತಿಂಗಳಿಗೆ ಔಷಧಿ ಗುಂಪಿನ 55 ಜನರಲ್ಲಿ 4 ಸಾವು, ಬರೀ ವಿಶ್ರಾಂತಿಯ 52 ಜನರಲ್ಲಿ 14. ಐದು ವರ್ಷಕ್ಕೆ ನೋಡಿದ್ರೆ ಇಲ್ಲಿ 32, ಅಲ್ಲಿ 35. ಒಂದೇ ಔಷಧಿ ಕೊಟ್ಟಿದ್ದಕ್ಕೆ ರೋಗಾಣು ಅದಕ್ಕೆ ಬಗ್ಗದ ಹಾಗೆ ಆಗಿಬಿಟ್ಟಿತ್ತು. ಆರು ತಿಂಗಳಿಗೇ ನಿಲ್ಲಿಸಿದ್ದಿದ್ರೆ ಅರ್ಧ ಸತ್ಯನೇ ಗೊತ್ತಿರ್ತಿತ್ತು.

ಆ ಟ್ರಯಲ್‌ನಿಂದಲೇ ಇನ್ನೊಂದು ವಿಷಯ. ಅರ್ಧ ಜನಕ್ಕೆ ಔಷಧಿ ಕೊಡದೇ ಇದ್ದಿದ್ದು ಸರಿನಾ ಅಂದ್ರೆ, ಆಗ ಬ್ರಿಟನ್ ಹತ್ರ ಇದ್ದಿದ್ದೇ ಸ್ವಲ್ಪ, ಎಲ್ಲರಿಗೂ ಸಾಲ್ತಿರಲಿಲ್ಲ. ಸಾಲದೇ ಇರೋದನ್ನ ಹಂಚೋಕೆ ಚೀಟಿಗಿಂತ ನ್ಯಾಯವಾದ ದಾರಿ ಇಲ್ಲ. ಮಲ್ಲಣ್ಣ ಹೇಳಿದ 60 ಜನಕ್ಕೆ 20 ಕಿಟ್ ಅದೇ ಪರಿಸ್ಥಿತಿ. ತೀರಾ ಸೊರಗಿದವರಿಗೆ ಮೊದಲು ಕೊಟ್ಟುಬಿಡಿ, ಅದರಲ್ಲಿ ಚೀಟಿ ಬೇಡ. ಉಳಿದವರಲ್ಲಿ ಈ ತಿಂಗಳು ಯಾರಿಗೆ, ಮುಂದಿನ ತಿಂಗಳು ಯಾರಿಗೆ ಅನ್ನೋ ಸರದಿನ ಚೀಟಿ ಎತ್ತಿ ಮಾಡಿದ್ರೆ ಎಲ್ಲರಿಗೂ ಸಿಗುತ್ತೆ, ಬೇಗ ಸಿಕ್ಕವರು ತಡವಾಗಿ ಸಿಕ್ಕವರು ಅಂತ ಹೋಲಿಸೋಕೂ ಬರುತ್ತೆ. ಎಥಿಕ್ಸ್ ಕಮಿಟಿ ಒಪ್ಪಿಗೆ, ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ರಿಜಿಸ್ಟ್ರಿ) ನೋಂದಣಿ ಎರಡೂ ಮೊದಲ ಪೇಷೆಂಟ್ ಸೇರೋಕೆ ಮುಂಚೆ ಆಗಿರಬೇಕು. ಪಿಜಿ ಅವಧಿಯಲ್ಲಿ ನಿನ್ನಿಂದ ಆಗದೇ ಇರಬಹುದು, ನಿನ್ನ ನಂತರದವರು ಮಾಡ್ತಾರೆ.

ಮತ್ತೆ ನಿಮ್ಮ ತುಮಕೂರಲ್ಲೇ ಬೆಂಗಳೂರಿನ ನ್ಯಾಷನಲ್ ಟಿಬಿ ಇನ್‌ಸ್ಟಿಟ್ಯೂಟ್‌ನ ಬ್ಯಾನರ್ಜಿ ಮತ್ತು ಆಂಡರ್ಸನ್ ಹಳ್ಳಿ ಹಳ್ಳಿಗೆ ಹೋಗಿ ಮಾಡಿದ ಅಧ್ಯಯನ ಇದೆ, 1963ರಲ್ಲಿ ಪ್ರಕಟ ಆಯ್ತು. ಜನಕ್ಕೆ ತಿಳುವಳಿಕೆ ಇಲ್ಲ, ಕೆಮ್ಮಿದ್ರೂ ಆಸ್ಪತ್ರೆಗೆ ಬರಲ್ಲ ಅಂತ ಎಲ್ಲರೂ ಹೇಳ್ತಿದ್ದ ಕಾಲ. ಮನೆಗೆ ಹೋಗಿ ಕೇಳಿದ್ರೆ ಟಿಬಿ ಲಕ್ಷಣ ಇದ್ದವರಲ್ಲಿ ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ, ಕೆಮ್ಮಿನ ಔಷಧಿ ಬಾಟ್ಲಿ ಹಿಡ್ಕೊಂಡು ವಾಪಸ್ ಬಂದಿದ್ರು. ಆಸ್ಪತ್ರೆ ರಿಜಿಸ್ಟರ್ ನೋಡಿದ್ರೆ ಅದು ಯಾವತ್ತಿಗೂ ಸಿಗ್ತಿರಲಿಲ್ಲ.

ಸಹನಾ_ಪಿಎಸ್‌ಎಂ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ವಾರ ನೋಟ್‌ಬುಕ್ ಕೂತು ಎಂಟ್ರಿ ಮಾಡಿದೆ. 60ನೇ ದಿನ ಅಂತ ಮೊದಲೇ ಬರೆದಿಟ್ಟು ಲ್ಯಾಂಡ್‌ಮಾರ್ಕ್ ಹಾಕಿದೆ. ಮೊದಲು ಕಂಡ ವ್ಯತ್ಯಾಸ ಹೆಚ್ಚುಕಮ್ಮಿ ಪೂರ್ತಿ ಕರಗಿಹೋಯ್ತು, ಉಳಿದಿರೋದು ಕಾನ್ಫಿಡೆನ್ಸ್ ಇಂಟರ್ವಲ್ ಎರಡೂ ಕಡೆ ಚಾಚಿಕೊಂಡಿರೋ ಒಂದು ಅಂದಾಜು ಅಷ್ಟೇ, ಅಂದ್ರೆ ಕಿಟ್ಟಿಂದ ಸಾವು ಕಮ್ಮಿ ಆಯ್ತೋ ಜಾಸ್ತಿ ಆಯ್ತೋ ಅಂತ ಹೇಳೋಕೆ ಬರಲ್ಲ. ಗೈಡ್‌ಗೆ ರಾಘು ಸರ್ ಅವರ ಖಾಲಿ ಚೀಲದ ಲೆಕ್ಕನೇ ತೋರಿಸಿದೆ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ರಿಸಲ್ಟ್ ಮತ್ತೆ ಎರಡನೇದು ಎರಡನ್ನೂ ಪಕ್ಕ ಪಕ್ಕ ಇಟ್ಟೇ ಬರೆಯೋಣ ಅಂದ್ರು. ನನಗೆ ಅಷ್ಟು ಸಮಾಧಾನ ಆಯ್ತು ಅಂದ್ರೆ ಹೇಳೋಕಾಗಲ್ಲ.

ಬಸಣ್ಣನವರ ಪ್ರಶ್ನೆ, ಕೆಲಸಕ್ಕೆ ಮರಳಿದ ದಿನ ಮತ್ತು ಸಾಲ, ಅದನ್ನ ಸೇರಿಸೋಕೆ ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಅರ್ಜಿ ಹಾಕ್ತಿದೀನಿ. ಲಾಸ್ಟ್ ಆದವರ ಮನೆಗಳಿಗೂ ಹೋಗ್ಬೇಕು ಅಂತಿದೀನಿ. ಮಲ್ಲಣ್ಣನವರೇ, ಹೋದಾಗ ಮನೆ ಬೀಗ ಹಾಕಿದ್ರೆ ಏನ್ಮಾಡ್ತೀರಿ ನೀವು? ಫೋನ್ ನಂಬರ್ ಅರ್ಧಕ್ಕರ್ಧ ಸ್ವಿಚ್ ಆಫ್ ಬರ್ತಿದೆ.

ಮಲ್ಲಣ್ಣ_ಎಸ್‌ಟಿಎಸ್:

ಊರ ಜಾತ್ರಿ ಯಾವಾಗ ಅಂತ ಕೇಳ್ಕೊಳ್ರಿ ಮೇಡಂ, ಆಶಾ ಅಕ್ಕಾರಿಗೆ ಗೊತ್ತಿರ್ತೈತಿ. ಯುಗಾದಿಗೂ ಬರ್ತಾರ. ದುಡಿಯಾಕ ಹೋದವ್ರು ಎಲ್ಲಿದ್ರೂ ಆ ಎರಡು ದಿನ ಊರಾಗ ಇರ್ತಾರ, ಮುಂಜಾನಿ ಒಂಬತ್ತರೊಳಗ ಹೋಗ್ರಿ, ಆಶಾ ಅವರನ್ನ ಸಂಗಡ ಕರ್ಕೊಂಡು. ಇಲಾಖೆ ಜೀಪ್ ಮನಿ ಮುಂದ ನಿಲ್ಲಸಬ್ಯಾಡ್ರಿ, ಓಣಿ ತುದಿಗೆ ಬಿಟ್ಟು ನಡಕೊಂಡು ಹೋಗ್ರಿ. ಟಿಬಿ ಅಂತ ಬಾಗಲದಾಗ ನಿಂತು ಅನಬ್ಯಾಡ್ರಿ, ಒಳಗ ಕುಂತ ಮ್ಯಾಲೆ ಮಾತಾಡ್ರಿ. ತೀರ್ಕೊಂಡವ್ರ ಮನಿ ಇದ್ರ ತಾರೀಖು ಕೇಳಾಕ ಅವಸರ ಮಾಡಬ್ಯಾಡ್ರಿ, ಅವ್ರ ಹೇಳ್ತಾರ.